ಏಳನೇ ಪ್ಲೇಟು

ಫೆಬ್ರುವರಿ 3, ಸೋಮವಾರ
ಮತ್ತೆ ಒಂದು ಡಜನ್ ಮೊಟ್ಟೆ ಒಡೆದೆ. ಮನೆಯಲ್ಲಿ ಮೊಟ್ಟೆ ಎಂದರೆ ಮೈಲಿಗೆ, ಲ್ಯಾಬಿನಲ್ಲಿ ಅದೇ ಕಸುಬು! ಶುಗರ್ ಇರುವವರ ಬಾಯಿಯಿಂದ ತೆಗೆದ ಯೀಸ್ಟನ್ನು ಈ ಹಳದಿ ಬೆರೆಸಿದ ಪ್ಲೇಟಿನ ಮೇಲೆ ಬೆಳೆಸಬೇಕು. ಅದರ ಎನ್‌ಝೈಮ್ ಜೋರಿದ್ದರೆ ಸುತ್ತ ಬಿಳಿ ಉಂಗುರ; ಶುಗರ್ ಇರುವವರಲ್ಲಿ ಅದು ಹೆಚ್ಚು ಅಗಲ. ನನ್ನ ಪಿಎಚ್‌ಡಿ ಇಷ್ಟೇ. ಹೋಲಿಸಲು ಶುಗರ್ ಇಲ್ಲದವರೂ ಬೇಕು. ಆರು ಮಂದಿ ಸಿಕ್ಕರು. ಏಳನೆಯವಳು ನಾನೇ. ಬಾಯೊಳಗೆ ಹತ್ತಿಕಡ್ಡಿ ಆಡಿಸಿಕೊಂಡೆ. ಫಾರ್ಮಿನಲ್ಲಿ ಶುಗರ್ 92 ಎಂದು ಬರೆದೆ. ಚೆಕ್ ಮಾಡಲಿಲ್ಲ — ಇಪ್ಪತ್ತೊಂಬತ್ತರ ವಯಸ್ಸಿಗೆ ಏನಿರುತ್ತದೆ!

ಫೆಬ್ರುವರಿ 7
ಏಳನೇ ಪ್ಲೇಟಿನಲ್ಲಿ ಉಂಗುರ. ಎಲ್ಲರದಕ್ಕಿಂತ ಅಗಲ. ಮೊಟ್ಟೆ ಹಳೆಯದಿರಬೇಕು.

ಫೆಬ್ರುವರಿ 12
ಹೊಸ ಮೊಟ್ಟೆ. ಅದೇ ಉಂಗುರ. ಇನ್‌ಕ್ಯುಬೇಟರಿಗೆ ಬೈದೆ. ಶುಗರ್ ಇಲ್ಲದವರಿಗೂ ಒಮ್ಮೊಮ್ಮೆ ಹೀಗೆ ಬರುತ್ತದಂತೆ. ಹಾಗೇ ಇರಲಿ...

ಫೆಬ್ರುವರಿ 15, ಕಮಲಾಪುರ
ಶುಗರ್ ತಪಾಸಣೆ ಕ್ಯಾಂಪ್. ಬಷೀರುನ್ನೀಸಾ ಎಂಬ ಅಜ್ಜಿ. ನಾಲಿಗೆ ತುಂಬ ಬಿಳಿ ಪದರ. ಶುಗರ್ 340. ವರ್ಷದಿಂದ ತೋರಿಸಿಲ್ಲ. ಎಲ್ಲರೆದುರೇ ಗದರಿದೆ.
"ಅಂಜಿಕಿ ಆಗ್ತಿತ್ತು ಬೇಟಿ. ನೋಡಸ್ಕೊಂಡ್ರ ಖರೇ ಆಗ್ತದಲ್ಲ. ನೀ ನೋಡಸ್ಕೊಂಡೀದಿ ಏನು?"
"ಹೂಂ" ಅಂದೆ. ಸುಳ್ಳು. ವಾಪಸ್ ಬಸ್ಸಿನಲ್ಲಿ ಎರಡು ಬಾಟಲಿ ನೀರು ಕುಡಿದೆ. ಬಿಸಿಲಿಗೆ, ಮತ್ತೇನು.

ಮಾರ್ಚ್ 4
ಇಷ್ಟು ದಿನ ಬರೆಯಲಿಲ್ಲ. ಗೈಡ್ ಮೇಡಂ ಇಂದು ಏಳನೆಯವರ ರಿಪೋರ್ಟ್ ಕೇಳಿದರು. "92 ಅಂತ ಬರದೀದಿ, ರಿಪೋರ್ಟ್ ಎಲ್ಲದ?" ನಾಳೆ ಅಂದೆ. ಭಯವಾಗುತ್ತಿದೆ. ಶುಗರಿನಿಂದ ಕೆಟ್ಟ ಅಪ್ಪನ ಕಾಲು ತೆಗೆಯುವ ದಿನ ಆಸ್ಪತ್ರೆ ಕಾಗದಕ್ಕೆ ಸಹಿ ಹಾಕಿದವಳು ನಾನು. ಕಾಲು ಹೋಯಿತು, ಆರು ತಿಂಗಳಿಗೆ ಅಪ್ಪನೂ.

ಮಾರ್ಚ್ 5, ಬೆಳಿಗ್ಗೆ 9
ಖಾಲಿ ಹೊಟ್ಟೆ. ಎಡಗೈ ಬೆರಳು ಚುಚ್ಚಿ ಶುಗರ್ ನೋಡಿಕೊಂಡೆ. 238.
ಇನ್ನೊಂದು ಬೆರಳು. 241.
ಮೇಡಂಗೆ ಹೇಳಿದೆ — ಏಳನೆಯವಳು ನಾನು, 92 ಸುಳ್ಳು. ಬೈಯಲಿಲ್ಲ. "ಮೊದ್ಲ ಡಾಕ್ಟರ್ ಕಡಿ ಹೋಗವ್ವ" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಸಂಜೆ 6, ಬ್ರಹ್ಮಪುರ
ಅಪ್ಪ ಹೋದಾಗಿನಿಂದ ಈ ಮನೆಯಲ್ಲಿ ಆ ರೋಗದ ಹೆಸರನ್ನೇ ಯಾರೂ ಎತ್ತುವುದಿಲ್ಲ. ಬಂದಾಗ ಅವ್ವ ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದಳು.
"ಮಾರಿ ಯಾಕ ಸಣ್ಣದಾಗ್ಯಾದ ಸುನಂದಾ? ಯಾರರೆ ಏನರೆ ಅಂದಾರೇನು?"
"ಇಲ್ಲ."
"ಮತ್ತ?"
ಎದುರಿಗೆ ಕುಳಿತೆ. ಹಿಟ್ಟಿನ ಕೈ ಹಿಡಿದುಕೊಂಡೆ. "ಅವ್ವಾ, ನನಗೂ—"