ಮೂರನೇ ಮೆಟ್ಟಿಲಲ್ಲಿ ಕೂತ ಗುಂಡ

೧೪, ಮಂಗಳವಾರ

ನಾಯಿಗಳ ವಿಷಯದಲ್ಲಿ ನನ್ನನ್ನು ಮೀರಿಸುವ ಡಾಕ್ಟರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಆದರೂ ಷಡ್ಡಕನ ಮನೆಯಿಂದ ಬಂದಾಗಿನಿಂದ ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗಿದೆ.

ಅವನ ನಾಯಿ ಕರಿಯನಿಗೆ ಹದಿನಾಲ್ಕು ವರ್ಷ. ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆಯಂತೆ, ಹಲ್ಲು ಕ್ಲೀನಿಂಗಂತೆ, ಊಟ ತೂಗಿ ಹಾಕುವುದಂತೆ! ನನ್ನ ಗುಂಡನಿಗೆ ಹನ್ನೊಂದೇ. ನಾನು ತಿನ್ನುವುದರಲ್ಲಿ ಅರ್ಧ ಅವನಿಗೆ, ಮೈ ತುಂಬಿಕೊಂಡಿದ್ದಾನೆ.

"ನಿನ್ನ ನಾಯಿಗೆ ಊಟ ಹಾಕ್ತೀಯೋ, ಬರೀ ತೋರಿಸ್ತೀಯೋ?" ಎಂದೆ.

"ಅಣ್ಣ, ತೂಕ ಜಾಸ್ತಿಯಾದ್ರೆ ವಯಸ್ಸಾದ ನಾಯಿಗೆ ಕೀಲು ಹೋಗುತ್ತೆ," ಎಂದ. ಅದೂ ಎಲ್ಲರೆದುರು!

ಯಾರ ನಾಯಿ ಮೊದಲು ತಾರಸಿ ಹತ್ತುತ್ತೆ ನೋಡೇಬಿಡೋಣ ಎಂದು ಪಂತ ಕಟ್ಟಿದೆ. ಕರಿಯ ಮೇಕೆಮರಿಯ ಹಾಗೆ ಹತ್ತಿಬಿಟ್ಟ. ಆ ದರಿದ್ರ ನಾಯಿಯ ಹಲ್ಲು ಕೂಡ ನನ್ನವಕ್ಕಿಂತ ಬೆಳ್ಳಗಿವೆ. ಗುಂಡ ಮೂರನೇ ಮೆಟ್ಟಿಲಲ್ಲೇ ಕೂತ. ಮೇಲಿಂದ ಕರೆದೆ. ಕರೆದಾಗಲೆಲ್ಲ ಬಾಲ ಅಲ್ಲಾಡಿಸಿಕೊಂಡು ಎದ್ದ, ಹಿಂಗಾಲು ನಡುಗಿ ಮತ್ತೆ ಕೂತ.

"ದೊಡ್ಡಪ್ಪ, ಕರೀಬೇಡಿ. ನೀವು ಕರೆದ್ರೆ ನೋವಿದ್ರೂ ಏಳ್ತಾನೆ," ಎಂದಳು ಷಡ್ಡಕನ ಮಗಳು.

ಎತ್ತಿಕೊಂಡು ಬಂದೆ. ದಾರಿಯುದ್ದಕ್ಕೂ ನನ್ನ ಗಲ್ಲ ನೆಕ್ಕುತ್ತಿದ್ದ, ಗೆದ್ದವನ ಹಾಗೆ. ನಾಳೆ ಡಾಕ್ಟರಿಗೆ ತೋರಿಸಬೇಕು. ಷಡ್ಡಕನ ಡಾಕ್ಟರಿಗಲ್ಲ, ಬೇರೆಯವರಿಗೆ.

ಪಂತದಲ್ಲಿ ಇನ್ನೂರು ಹೋಯಿತು ಎಂದು ಹೆಂಡತಿಗೆ ಹೇಳಿದ್ದೇನೆ. ಐನೂರು ಇರಬಹುದು. ಇಲ್ಲಿ ಸುಳ್ಳು ಬರೆದು ಏನಾಗಬೇಕು, ಎರಡು ಸಾವಿರದ ಐನೂರು. ಗುಂಡನ ರಕ್ತ ಪರೀಕ್ಷೆಗೆ ಎಂದು ಅವಳು ಕೂಡಿಟ್ಟು ನನ್ನ ಕೈಗೆ ಕೊಟ್ಟಿದ್ದಷ್ಟೂ ಹೋಯಿತು.