ರೀಲಿನ ಮೇಲಿನ ಅಂಟು

ಮಾರ್ಚ್ ೧೪, ಗುರುವಾರ

ನನ್ನ ತಮ್ಮ ಜ್ವರದಲ್ಲಿ ತೀರಿಕೊಂಡು ಇವತ್ತಿಗೆ ನಲವತ್ತೊಂದು ದಿನ. ಅವನ ಮೀನುಗಾಳದ ರೀಲನ್ನು ಅವನ ಗೆಳೆಯ ಬಡಗಿಗೆ ಕೊಡುವ ಮೊದಲು ಚೊಕ್ಕ ಮಾಡೋಣವೆಂದು ಕೂತೆ. ತಮ್ಮ ಅದಕ್ಕೆ ಸುತ್ತಿದ್ದ ಟೇಪು ಎಂದೋ ಕಿತ್ತುಬಂದು ಅಂಟು ಮಾತ್ರ ಉಳಿದಿತ್ತು.

"ಥಿನ್ನರ್ ಹಾಕ್ಬೇಡಿ ಅಕ್ಕಾ, ಬಣ್ಣ ಎದ್ದುಬಿಡುತ್ತೆ. ಅಡುಗೆ ಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಮೆತ್ತನೆ ಬಟ್ಟೇಲಿ ಒರೆಸಿ," ಅಂದಿದ್ದ ಬಡಗಿ.

ಹಾಗೇ ಮಾಡಿದೆ. ನೀಲಿ ಬಣ್ಣಕ್ಕೆ ಒಂದು ಗೀರೂ ಬೀಳಲಿಲ್ಲ. ಕೊನೆಯ ಚೂರನ್ನು ಒರೆಸುವಾಗ ಕಂಡಿತು: ಅಂಟಿನಲ್ಲಿ ತಮ್ಮನ ಹೆಬ್ಬೆರಳಿನ ಗುರುತು, ಗೆರೆಗೆರೆಯಾಗಿ. ಕೈ ತಡೆಯುವಷ್ಟರಲ್ಲಿ ಅಳಿಸಿಹೋಗಿತ್ತು.

ಸಂಜೆ ಬಡಗಿ ಬಂದು, "ಹೊಸದರ ಥರಾನೇ ಇದೆ ಅಕ್ಕಾ," ಅಂದ. ಹೂಂ ಅಂದೆ.

ಒರೆಸಿದ ಬಟ್ಟೆ ಇನ್ನೂ ಮಡಿಲಲ್ಲೇ ಇದೆ. ಒಗೆಯಲು ಕೈ ಬರುತ್ತಿಲ್ಲ. ಇಟ್ಟುಕೊಂಡು ತಾನೇ ಏನು ಮಾಡಲಿ?