ಹಳದಿ ಮುಖವಾಡದವನ ಎಲೆ

ಕೇಬಲ್ ವಾಹಿನಿಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ನಿರೂಪಕರು ಸುಳ್ಳು ಹೇಳಿದರು. ಜಪಾನಿನ ಸರಣಿಯಲ್ಲಿ ಹಳದಿ ಮುಖವಾಡದ ವೀರ ಹೋರಾಡುತ್ತಾ ಸಾಯುತ್ತಾನೆ. ಅಮೆರಿಕದವರು ಅದೇ ಹೊಡೆದಾಟದ ದೃಶ್ಯಗಳನ್ನು ಕೊಂಡು, ಸಾವನ್ನು ಕತ್ತರಿಸಿ, ಮುಖವಾಡ ತೆಗೆದು ನಗುವ ಬೇರೆ ನಟನನ್ನು ಸೇರಿಸಿದರು. ನಿಮ್ಮವರು ಮಾತ್ರ, “ಅಲ್ಲಿ ಸತ್ತವನೇ ಇಲ್ಲಿ ಬದುಕಿದ್ದಾನೆ” ಎಂದರು.

ಮಗ ಶಶಿಧರ ತೀರಿಕೊಂಡು ಎರಡು ವರ್ಷ. ನಿಮ್ಮ ಕಾರ್ಯಕ್ರಮ ನೋಡಿದ ಮರುದಿನ ನಾವು ಮನೆತನದ ಗತಿಸಿದ ಹಿರಿಯರಿಗೆ, ಗುರುಕಾರಣರಿಗೆ, ಎಡೆ ಇಡುವಾಗ, ಮೊಮ್ಮಗಳು ಮೋಕ್ಷಿತಾ ಅವನ ಎಲೆಯನ್ನು ಸತ್ತವರ ಸಾಲಿನಿಂದ ತಂದು ನನ್ನ ಪಕ್ಕ ಹಾಕಿದಳು.

“ಅಪ್ಪ ಸತ್ತದ್ದು ಒಂದು ಸರಣಿಯಲ್ಲಿ ಮಾತ್ರ, ಅಜ್ಜ.”

ಅಂದಿನಿಂದ ಅವಳು ದಿನವೂ ಬಡಿಸುತ್ತಾಳೆ, ಎಲೆ ಖಾಲಿಯಾಗುತ್ತದೆ. ಉಣ್ಣುವುದು ಅವಳಲ್ಲ. ನಾನು ಪಕ್ಕದಲ್ಲೇ ಕೂತು ನೋಡುತ್ತಿರುತ್ತೇನೆ.

ಮುಂದಿನ ಭಾನುವಾರ ಅದೇ ಹೊತ್ತಿಗೆ, ಸತ್ತವನು ಬೇರೆ, ನಕ್ಕವನು ಬೇರೆ ಎಂದು ಎಲ್ಲರೆದುರು ಹೇಳಿ. ಇಲ್ಲವಾದರೆ ನಮ್ಮಲ್ಲಿ ಉಣ್ಣುತ್ತಿರುವವನು ಯಾರೆಂದು ನೀವೇ ಉತ್ತರಿಸಬೇಕು.

ಕುಶಾಲಪ್ಪ,
ಮೂರ್ನಾಡು